ತಿಳಿದವನ ತಕ್ಕಡಿ

ಅಂಚೆಚೀಟಿಗಳ ವ್ಯಾಪಾರಲೋಕದಲ್ಲಿ ಬಹು ಪ್ರಸಿದ್ಧವಾದ ಕಥೆಯೊಂದಿದೆ. 1863ರಲ್ಲಿ ಇಬ್ಬರು ನಾವಿಕರು ಇಂಗ್ಲೆಂಡಿನ ಪ್ಲಿಮತ್ ಬಂದರಿನಲ್ಲಿದ್ದ ಎಡ್ವರ್ಡ್ ಸ್ಟ್ಯಾನ್ಲಿ ಗಿಬ್ಬನ್ಸನ ಅಂಗಡಿಗೆ ಬಂದು, ಚೀಲ ತುಂಬ ಕೇಪ್ ಆಫ್ ಗುಡ್ ಹೋಪಿನ ತ್ರಿಕೋನಾಕಾರದ ಚೀಟಿಗಳನ್ನು ಸುರಿದರಂತೆ. ಕೇಪ್‌ಟೌನಿನಲ್ಲಿ ಲಾಟರಿಯಾಡಿ ಗೆದ್ದ ಸರಕು. ಗಿಬ್ಬನ್ಸ್ ಐದು ಪೌಂಡಿಗೆ ಅಷ್ಟನ್ನೂ ಕೊಂಡ. ಬಿಡಿಬಿಡಿಯಾಗಿ ಮಾರಿ ಅದರ ಹಲವು ಪಟ್ಟು ಗಳಿಸಿದ. ನಾವಿಕರೂ ನಗುನಗುತ್ತಲೇ ಹೋಗಿರಬೇಕು.

ಇದು ಜಾಣತನವೋ, ಅನ್ಯಾಯವೋ?

ಗಿಬ್ಬನ್ಸ್ ಸುಳ್ಳು ಹೇಳಲಿಲ್ಲ, ಒತ್ತಾಯ ಮಾಡಲಿಲ್ಲ. ಲೋಕದ ಮೊದಲ ಅಂಚೆಚೀಟಿ ಹೊರಟ 1840ರಲ್ಲೇ ಹುಟ್ಟಿದವನು ಅವನು. 1856ರ ಹೊತ್ತಿಗೇ ತಂದೆಯ ಔಷಧದಂಗಡಿಯ ಒಂದು ಮೂಲೆಯಲ್ಲಿ ಚೀಟಿ ಮಾರತೊಡಗಿದ್ದ. ಈ ವಿದ್ಯೆ ಸುಲಭದ್ದಲ್ಲ. ಕಾಗದದೊಳಗಿನ ನೀರಚ್ಚನ್ನು ಗುರುತಿಸಬೇಕು; ಅಂಚಿನ ತೂತುಗಳು ಎರಡು ಸೆಂಟಿಮೀಟರಿಗೆ ಎಷ್ಟೆಂದು ಎಣಿಸಬೇಕು; ಹಿಂಬದಿಯ ಅಂಟು ಮೂಲದ್ದೋ, ಆಮೇಲೆ ಬಳಿದದ್ದೋ ನೋಡಬೇಕು; ಒಂದೇ ನೀಲಿಯ ನಾಲ್ಕು ಛಾಯೆಗಳನ್ನು ಬೇರೆ ಮಾಡಬೇಕು. ಕಣ್ಣು ಸವೆಸಿ ಕಲಿತ ಇದನ್ನೆಲ್ಲ ಬಂದವರಿಗೆಲ್ಲ ಪುಕ್ಕಟೆ ಹಂಚಬೇಕೆಂದರೆ ವ್ಯಾಪಾರಿ ಉಣ್ಣುವುದೇನು?

ಇನ್ನೊಂದು ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1873ರಲ್ಲಿ ಬ್ರಿಟಿಷ್ ಗಯಾನಾದ ಹನ್ನೆರಡು ವರ್ಷದ ಹುಡುಗನೊಬ್ಬ ಮನೆಯ ಹಳೆಯ ಕಾಗದಗಳ ನಡುವೆ 1856ರ ಒಂದು ಸೆಂಟಿನ ಕೆಂಪು ಚೀಟಿಯನ್ನು ಕಂಡು, ಊರಿನ ಸಂಗ್ರಾಹಕನಿಗೆ ಆರು ಷಿಲಿಂಗಿಗೆ ಮಾರಿದ. ಅದರ ಜೊತೆಯದು ಇನ್ನೊಂದು ಇದುವರೆಗೆ ಸಿಕ್ಕಿ ಸಿದ್ಧಪಟ್ಟಿಲ್ಲ. 2021ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ ಸುಮಾರು 83 ಲಕ್ಷ ಡಾಲರು ಬಂತು. ಕೊಂಡದ್ದು ಗಿಬ್ಬನ್ಸನ ಹೆಸರಿನ ಸಂಸ್ಥೆಯೇ! ಹುಡುಗನ ನಷ್ಟ ನಾವಿಕರದಕ್ಕಿಂತ ಎಷ್ಟೋ ದೊಡ್ಡದು. ಆದರೂ ನಮಗೆ ಅಲ್ಲಿ ಯಾರ ಮೇಲೂ ಸಿಟ್ಟು ಬರುವುದಿಲ್ಲ. ಕೊಂಡವನಿಗೂ ಅದರ ಬೆಲೆ ಗೊತ್ತಿರಲಿಲ್ಲ. ನಮ್ಮನ್ನು ಚುಚ್ಚುವುದು ನಷ್ಟದ ಮೊತ್ತವಲ್ಲ, ಒಬ್ಬನು ಬಲ್ಲವನಾಗಿದ್ದು ಸುಮ್ಮನಿದ್ದ ಎಂಬುದು.

ಪ್ರಶ್ನೆ ಹಳೆಯದು. ಬರಗಾಲದ ರೋಡ್ಸ್ ದ್ವೀಪಕ್ಕೆ ಧಾನ್ಯ ತಂದ ವರ್ತಕ, ಹಿಂದೆ ಇನ್ನೂ ಹಡಗುಗಳು ಬರುತ್ತಿವೆಯೆಂದು ಜನರಿಗೆ ಹೇಳಬೇಕೇ? ಹೇಳಬೇಕಾಗಿಲ್ಲ, ಮೋಸ ಮಾಡದಿದ್ದರೆ ಸಾಕು ಎಂದು ಗುರು ಡಯೋಜಿನಿಸ್. ಹೇಳಲೇಬೇಕು ಎಂದು ಶಿಷ್ಯ ಆಂಟಿಪೇಟರ್. ಈ ವಾದವನ್ನು ದಾಖಲಿಸಿದ ಸಿಸೆರೋ ಶಿಷ್ಯನ ಪಕ್ಷ ಹಿಡಿದ. ನಮ್ಮ ಶಾಂತಿಪರ್ವದಲ್ಲಂತೂ ತಪಸ್ವಿ ಜಾಜಲಿಯೇ ಧರ್ಮವನ್ನರಿಯಲು ಕಾಶಿಯ ವ್ಯಾಪಾರಿ ತುಲಾಧಾರನ ಬಳಿಗೆ ಹೋಗಬೇಕಾಯಿತು. ಅವನ ತಕ್ಕಡಿ ಎಲ್ಲರಿಗೂ ಸಮವಂತೆ. ಆದರೆ ಅಂಗಡಿಯ ತಕ್ಕಡಿಯನ್ನು ಗಿರಾಕಿಯೂ ಕಾಣಬಲ್ಲ. ಮುಳ್ಳು ವಾಲಿದರೆ ಜಗಳಕ್ಕೆ ನಿಲ್ಲಬಲ್ಲ. ಅಂಚೆಚೀಟಿಯ ವ್ಯಾಪಾರಿಯ ತಕ್ಕಡಿಯಿರುವುದು ಅವನ ಕಣ್ಣೊಳಗೆ.

ತೊಡಕಿರುವುದು ಇಲ್ಲೇ ಎಂದು ನನಗೆ ತೋರುತ್ತದೆ. ತಜ್ಞನೂ ವರ್ತಕನೂ ಒಂದೇ ಮೈಯಲ್ಲಿದ್ದಾರೆ. ವರ್ತಕನಿಗೆ ಚೌಕಾಸಿಯ ಹಕ್ಕುಂಟು, ತಜ್ಞನಿಗಿಲ್ಲ. ಸತ್ತ ಅಜ್ಜನ ಆಲ್ಬಮ್ಮನ್ನು ಕಂಕುಳಲ್ಲಿಟ್ಟು ಬಂದವನು ಮೊದಲು ಕೇಳುವುದು “ಇದು ಏನು ಸ್ವಾಮಿ?” ಎಂದು, “ಎಷ್ಟು ಕೊಡುತ್ತೀರಿ?” ಎಂಬುದು ಆಮೇಲಿನ ಮಾತು. ಮೊದಲನೆಯದಕ್ಕೆ ಅವನು ವೈದ್ಯನನ್ನು ಕೇಳುವಂತೆ ನಂಬಿ ಕೇಳಿರುತ್ತಾನೆ. ಅದಕ್ಕೆ ನಿಜವಾದ ಉತ್ತರ ಕೊಟ್ಟು, ಎರಡನೆಯದಕ್ಕೆ ಎಷ್ಟೇ ಬಿಗಿಯಾಗಿ ಕುಳಿತರೂ ಅಡ್ಡಿಯಿಲ್ಲ. ಎರಡಕ್ಕೂ ಸೇರಿಸಿ ಒಂದೇ ಉತ್ತರವಾಗಿ “ಐದು ಪೌಂಡು” ಎಂದುಬಿಟ್ಟರೆ, ಸುಳ್ಳಾಡದೆಯೂ ನಂಬಿಕೆಯನ್ನು ಮುರಿದಂತಾಯಿತು. ಲಾಟರಿಯಲ್ಲಿ ಬಂದದ್ದಕ್ಕೆ ಇಷ್ಟು ಸಾಲದೇ ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ವಸ್ತು ಹೇಗೆ ಬಂದರೂ ಅದರ ಬೆಲೆ ಅದರದೇ.

ಗಿಬ್ಬನ್ಸನಿಗೆ ಸಲ್ಲಬೇಕಾದದ್ದೂ ಉಂಟು. ನಾವಿಕರು ಬಂದುಹೋದ ಎರಡು ವರ್ಷಕ್ಕೆ, 1865ರಲ್ಲಿ, ಅವನು ತನ್ನ ಬೆಲೆಪಟ್ಟಿಯನ್ನು ಅಚ್ಚುಹಾಕಿಸಿದ. ಕಣ್ಣೊಳಗಿನ ತಕ್ಕಡಿಯ ಒಂದು ತಟ್ಟೆಯಾದರೂ ಹೊರಗೆ ಬಂತು. ಅದು ಅವನು ಮಾರುವ ಬೆಲೆ, ಕೊಳ್ಳುವ ಬೆಲೆಯಲ್ಲ, ನಿಜ. ಆದರೂ ಪಟ್ಟಿ ಓದಿದವನನ್ನು ಐದು ಪೌಂಡಿಗೆ ಸಾಗಹಾಕುವುದು ಕಷ್ಟ. 1890ರಲ್ಲಿ ಅವನು ತನ್ನ ವ್ಯಾಪಾರವನ್ನೆಲ್ಲ ಚಾರ್ಲ್ಸ್ ಫಿಲಿಪ್ಸ್ ಎಂಬಾತನಿಗೆ 25,000 ಪೌಂಡಿಗೆ ಮಾರಿದ. ಫಿಲಿಪ್ಸನೂ ಚೀಟಿಯ ವ್ಯಾಪಾರಿಯೇ. ಆ ಮೇಜಿನ ಎರಡು ಬದಿಗೂ ಬಲ್ಲವರೇ ಕುಳಿತಿದ್ದರು.