ಅಮರಾವತಿ ಎಷ್ಟು ದೂರ?

ಆಂಧ್ರದ ರಾಯಲಸೀಮೆಯಲ್ಲಿ, ಕಲ್ಯಾಣದುರ್ಗದ ಕಡೆಯ ಒಬ್ಬ ಶೇಂಗಾ ಬೆಳೆಗಾರನ ಎರಡೆಕರೆ ಹೊಲ ದಾಖಲೆಯ ತಪ್ಪಿನಿಂದ ನೋಂದಣಿ ಕಾಯ್ದೆಯ 22-ಎ ನಿಷೇಧಿತ ಪಟ್ಟಿಗೆ ಸೇರಿಬಿಟ್ಟಿತು ಎಂದುಕೊಳ್ಳಿ. ಅಜ್ಜನ ಕಾಲದಿಂದ ಉತ್ತ ನೆಲ. ಈಗ ಮಾರಿದರೆ ರಿಜಿಸ್ಟ್ರಿ ಆಗುವುದಿಲ್ಲ. ತಹಶೀಲ್ದಾರರ ಕಚೇರಿಗೆ ಅಲೆದು ಚಪ್ಪಲಿ ಸವೆದ ಮೇಲೆ ಉಳಿಯುವ ದಾರಿ ಹೈಕೋರ್ಟಿನ ರಿಟ್ ಅರ್ಜಿ. ಆ ಹೈಕೋರ್ಟು ಅಮರಾವತಿಯಲ್ಲಿದೆ. ಕಲ್ಯಾಣದುರ್ಗದಿಂದ ಹೊರಡಲಿ, ಹಿಂದೂಪುರದಿಂದ ಹೊರಡಲಿ, ಐನೂರು ಕಿಲೊಮೀಟರಿಗೂ ಹೆಚ್ಚು. ಹಿಂದೂಪುರದವರಿಗೆ ಬೆಂಗಳೂರು ನೂರೇ ಕಿಲೊಮೀಟರು. ಅಲ್ಲಿನ ಹೈಕೋರ್ಟಿನ ಕೆಂಪು ಕಟ್ಟಡವನ್ನು ಅವರು ಎಷ್ಟೋ ಸಲ ನೋಡಿದ್ದಾರೆ; ಆದರೆ ಅದು ಅವರದಲ್ಲ.

ವಕೀಲರಿದ್ದಾರಲ್ಲ, ಕಕ್ಷಿದಾರ ಯಾಕೆ ಹೋಗಬೇಕು ಎಂದು ಕೇಳುವವರಿದ್ದಾರೆ. ಮುಖ ನೋಡದ ವಕೀಲರ ಕೈಗೆ ಹೊಲದ ಕಾಗದ ಕೊಟ್ಟು ನಿಶ್ಚಿಂತೆಯಿಂದ ಮಲಗಲು ಯಾವ ರೈತನಿಗಾದೀತು? ವಿಡಿಯೊ ವಿಚಾರಣೆ, ಆನ್‌ಲೈನ್ ಅರ್ಜಿ ಬಂದಿವೆ, ಒಳ್ಳೆಯದೇ. ಅವು ವಕೀಲರ ಪ್ರಯಾಣ ಉಳಿಸಿದಷ್ಟು ಊರಿನವನ ಆತಂಕ ಉಳಿಸುವುದಿಲ್ಲ.

ಹೈಕೋರ್ಟು ಹತ್ತಿರವಿರಬೇಕೆಂಬ ಮಾತು ಹೊಸದಲ್ಲ. ಕರಾವಳಿ ಆಂಧ್ರ ಮತ್ತು ರಾಯಲಸೀಮೆಯ ನಾಯಕರ ನಡುವಿನ 1937ರ ಶ್ರೀಬಾಗ್ ಒಪ್ಪಂದದಲ್ಲಿಯೇ ರಾಜಧಾನಿ ಮತ್ತು ಹೈಕೋರ್ಟು ಎರಡರಲ್ಲಿ ಒಂದು ರಾಯಲಸೀಮೆಗೆ, ಯಾವುದು ಬೇಕೆಂಬ ಆಯ್ಕೆಯೂ ರಾಯಲಸೀಮೆಗೇ ಎಂದು ಒಪ್ಪಲಾಗಿತ್ತು. 1953ರಲ್ಲಿ ಆಂಧ್ರ ರಾಜ್ಯವಾದಾಗ ಕರ್ನೂಲು ರಾಜಧಾನಿಯಾಯಿತು, ಮರುವರ್ಷ ಹೈಕೋರ್ಟು ಗುಂಟೂರಿಗೆ ಹೋಯಿತು. 1956ರಲ್ಲಿ ಎರಡೂ ಹೈದರಾಬಾದಿಗೆ. 2019ರ ಜನವರಿ 1ರಿಂದ ಹೈಕೋರ್ಟು ಅಮರಾವತಿಯಲ್ಲಿ. ಕರ್ನೂಲಿನಲ್ಲಿ ಪೀಠ ಬೇಕೆಂದು 2024ರ ನವೆಂಬರ್‌ನಲ್ಲಿ ವಿಧಾನಸಭೆ ನಿರ್ಣಯ ಮಾಡಿತು. ಸಂತೋಷ. ಆದರೆ ನ್ಯಾಯಮೂರ್ತಿಗಳು ಅಲ್ಲಿ ಕೂತು ಕೇಸು ಕೇಳಿದ ದಿನವೇ ಅದಕ್ಕೆ ಬೆಲೆ. ಕರ್ನಾಟಕವನ್ನೇ ನೋಡಿ: ಬೀದರಿನವರು ಒಂದು ಕಾಲಕ್ಕೆ ಬೆಂಗಳೂರಿಗೇ ಬರಬೇಕಿತ್ತು. 2008ರಲ್ಲಿ ಕಲಬುರಗಿ, ಧಾರವಾಡಗಳಲ್ಲಿ ಸಂಚಾರಿ ಪೀಠಗಳಾದವು, 2013ರಲ್ಲಿ ಕಾಯಂ ಆದವು. ಅದರಿಂದ ಹೈಕೋರ್ಟಿನ ಘನತೆ ಕಡಿಮೆಯಾಗಲಿಲ್ಲ.

ಕರ್ನಾಟಕದ ಗಡಿಗಂಟಿದ ಮಡಕಶಿರಾ, ರೊಳ್ಳ, ಅಮರಾಪುರದ ಕನ್ನಡದ ಮನೆಗಳಿಗೆ ಇನ್ನೊಂದು ದೂರವೂ ಇದೆ. ಮನೆಯಲ್ಲಿ ಕನ್ನಡ, ತಹಶೀಲ್ದಾರರ ಕಚೇರಿಯಲ್ಲಿ ತೆಲುಗು, ಹೈಕೋರ್ಟಿನಲ್ಲಿ ಇಂಗ್ಲಿಷ್. ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ನುಡಿದರೆ ಆರೋಪಿಗೆ ಅವನ ಭಾಷೆಯಲ್ಲಿ ತಿಳಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 314ನೇ ಕಲಂ ಹೇಳುತ್ತದೆ. ಆದರೆ ಗಡಿಯ ಅಜ್ಜಿಯೊಬ್ಬಳು ತನ್ನದೇ ಮಾತಿನಲ್ಲಿ ಅಹವಾಲು ಹೇಳಿಕೊಳ್ಳುವ ಹಾಗಾಗಬೇಕಾದರೆ ಕಾನೂನು ಸೇವಾ ಸಮಿತಿಗಳಲ್ಲಿ ಕನ್ನಡ ಬಲ್ಲವರು ಒಬ್ಬರಾದರೂ ಇರಲೇಬೇಕು. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುವ ಕಾನೂನು 1987ರದು. ಅದಕ್ಕಾಗಿ 15100 ಸಂಖ್ಯೆಗೆ ಕರೆ ಮಾಡಬಹುದೆಂಬ ಸಂಗತಿಯನ್ನು ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿಯೂ ಬರೆಸಿ.

ಸರ್ಕಾರ ಮತ್ತು ಹೈಕೋರ್ಟು ಕೂಡಿ ಕರ್ನೂಲಿನ ಪೀಠಕ್ಕೆ ದಿನಾಂಕ ಹೇಳಲಿ. ಹಿಂದೂಪುರದಿಂದ ಕರ್ನೂಲಿಗೆ ಸುಮಾರು 260 ಕಿಲೊಮೀಟರು. ನಸುಕಿಗೆ ಹೊರಟವನು ರಾತ್ರಿಯ ಊಟಕ್ಕೆ ಮನೆಗೆ ಬರಬಹುದು.