ಮನೋವ್ಯಾಧಿಯಲ್ಲಿ ದಾಂಪತ್ಯಧರ್ಮ

ದೇಹಕ್ಕೆ ವ್ಯಾಧಿ ತಗಲಿದರೆ ನೆಂಟರಿಷ್ಟರು ಹಣ್ಣುಹಂಪಲು ಹಿಡಿದು ಬರುತ್ತಾರೆ. ಮನಸ್ಸಿಗೆ ತಗಲಿದರೆ ಮನೆಯವರೇ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ನೆಲಸಿದ ನಮ್ಮಂಥ ಕುಟುಂಬಗಳಿಗೆ ಈ ಕಷ್ಟ ಇಮ್ಮಡಿ. ಅತ್ತೆ, ಅತ್ತಿಗೆ, ದೊಡ್ಡಮ್ಮ ಎಂಬ ಆಸರೆಯ ಕೈಗಳು ದೂರ. ಎರಡು ಕೋಣೆಗಳ ಮನೆಯಲ್ಲಿ ಪತಿಗೆ ಪತ್ನಿ, ಪತ್ನಿಗೆ ಪತಿ, ಅಷ್ಟೆ. ಅಲ್ಲಿ ಒಂದು ದಾರುಣ ಪ್ರಶ್ನೆ ಏಳುತ್ತದೆ: ಅಗ್ನಿಸಾಕ್ಷಿಯಾಗಿ ಕೈಹಿಡಿದ ವ್ಯಕ್ತಿಯೇ ಇಲ್ಲವಾದಂತೆ ತೋರುವಾಗ ಪ್ರೀತಿಸಬೇಕಾದದ್ದು ಯಾರನ್ನು?

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಇದಕ್ಕೆ ಉತ್ತರವಿದೆಯೆಂದು ನಮ್ಮ ಭಾವನೆ. ಮನಸ್ಸು ಪ್ರಕೃತಿಯ ವಿಕಾರವಾದ ಜಡ ಇಂದ್ರಿಯ. ಕಣ್ಣಿಗೆ ಪೊರೆ ಬರುವಂತೆ ಅದಕ್ಕೂ ದೋಷ ಬರಬಹುದು. ಆಗ ಅದು ಇಲ್ಲದ್ದನ್ನು ತೋರಿಸುತ್ತದೆ. ಸಾಕ್ಷಿಯಾದರೋ ಜೀವಾತ್ಮನ ಸ್ವರೂಪವೇ ಆದ ಇಂದ್ರಿಯ, ಅದಕ್ಕೆ ದೋಷವಿಲ್ಲ. ಆದ್ದರಿಂದ ಮನೋವ್ಯಾಧಿಯಲ್ಲಿ ಕೆಟ್ಟಿರುವುದು ಕರಣ. ಕೈಹಿಡಿದ ಜೀವ ಅಲ್ಲೇ ಇದೆ.

ಇನ್ನೊಂದು ಸೂಕ್ಷ್ಮವಿದೆ. ಸುಖದುಃಖಗಳು ಸಾಕ್ಷಿವೇದ್ಯವೆಂದೂ ಆ ಅನುಭವದಲ್ಲಿ ಭ್ರಮೆಗೆ ಎಡೆಯಿಲ್ಲವೆಂದೂ ನಮ್ಮ ಶಾಸ್ತ್ರ ಒಪ್ಪಿದೆ. ಸ್ಕಿಜೋಫ್ರೇನಿಯಾ ಪೀಡಿತಳಾದ ಪತ್ನಿಗೆ ಯಾರೋ ಬೈಯುವ ಧ್ವನಿ ಕೇಳಿಸುತ್ತದೆ. ಧ್ವನಿ ಭ್ರಮೆ, ಅದರಿಂದಾದ ಭಯ ಸತ್ಯ. “ಯಾರೂ ಬೈಯುತ್ತಿಲ್ಲ, ಸುಮ್ಮನಿರು” ಎಂದು ಗದರುವ ಪತಿ, ಭ್ರಮೆಯನ್ನು ಖಂಡಿಸುವ ಭರದಲ್ಲಿ ಸತ್ಯವನ್ನೂ ಅಲ್ಲಗಳೆದಂತಾಯಿತು. “ನನಗೆ ಆ ಧ್ವನಿ ಕೇಳಿಸುತ್ತಿಲ್ಲ, ಆದರೆ ನಿನಗೆ ಭಯವಾಗಿದೆ, ನಾನು ಇಲ್ಲೇ ಇದ್ದೇನೆ” ಎನ್ನುವವನು ಸುಳ್ಳನ್ನೂ ಆಡಲಿಲ್ಲ, ಅವಳನ್ನು ಒಂಟಿಯಾಗಿಯೂ ಬಿಡಲಿಲ್ಲ. ಭ್ರಮೆಯೊಡನೆ ವಾದಕ್ಕಿಳಿಯದೆ ಸಂಕಟಕ್ಕೆ ಓಗೊಡಬೇಕೆಂಬುದೇ ಇಂದಿನ ಮನೋವೈದ್ಯರ ಸಲಹೆಯೂ ಹೌದು.

ವನಪರ್ವದ ದಮಯಂತಿ ಈ ವಿವೇಕಕ್ಕೆ ನಿದರ್ಶನ. ಕಲಿಯ ಆವೇಶಕ್ಕೆ ಒಳಗಾದ ನಳನು ಅಡವಿಯಲ್ಲಿ ತೊರೆದುಹೋದಾಗ ಆಕೆ ಶಪಿಸಿದ್ದು ಗಂಡನನ್ನಲ್ಲ, ಅವನನ್ನು ಆ ಸ್ಥಿತಿಗೆ ತಂದವನನ್ನು. ಬಳಿಕ ತವರು ಸೇರಿ, ಬ್ರಾಹ್ಮಣರನ್ನು ದಿಕ್ಕುದಿಕ್ಕಿಗೆ ಕಳುಹಿಸಿ ಅವನನ್ನು ಹುಡುಕಿಸಿದಳು. ಇದರಿಂದ ಮನೋವ್ಯಾಧಿಯೆಲ್ಲ ಗ್ರಹಬಾಧೆಯೆಂದು ಎಣಿಸಬಾರದು. ಚರಕಸಂಹಿತೆಯೇ ಉನ್ಮಾದದ ಐದು ಬಗೆಗಳಲ್ಲಿ ನಾಲ್ಕನ್ನು ವಾತಪಿತ್ತಾದಿ ದೋಷಜನ್ಯವೆಂದು ಹೇಳಿ ಚಿಕಿತ್ಸೆ ವಿಧಿಸಿದೆ.

ಭಕ್ತಿಯೆಂದರೆ ಸ್ನೇಹವೇ, ಆದರೆ ಅರಿವು ಮೊದಲು, ಸ್ನೇಹ ಅನಂತರ ಎಂಬುದು ಆಚಾರ್ಯರು ತೋರಿದ ಕ್ರಮ. ದಾಂಪತ್ಯಕ್ಕೂ ಅದು ಸಲ್ಲುತ್ತದೆ. ರೋಗವನ್ನು ಅರಿಯದ ಪ್ರೀತಿಯಿಂದ ಕೇಡಾದೀತು. ಬೈಪೋಲಾರ್ ವ್ಯಾಧಿಗೆ ಲಿಥಿಯಂ ಸೇವಿಸುವವರು ನೀರೂ ಇಲ್ಲದೆ ಏಕಾದಶಿ ಮಾಡಿದರೆ ರಕ್ತದಲ್ಲಿ ಆ ಔಷಧದ ಪ್ರಮಾಣ ಏರಿ ವಿಷವಾಗಬಹುದು. ಗುಣವಾಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು. ಪರಭಾಷೆಯ ನಗರದಲ್ಲಿ ಯಾರಿಗೆ ಹೇಳಿಕೊಳ್ಳುವುದೆಂದು ತೋಚದವರಿಗೆ ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯಿದೆ. 14416ಕ್ಕೆ ಕರೆ ಮಾಡಿದರೆ ಕನ್ನಡವನ್ನೂ ಆಯ್ದುಕೊಳ್ಳಬಹುದು.

ಹಾಗಾದರೆ ಎಲ್ಲವನ್ನೂ ಸಹಿಸುವುದೇ ಪ್ರೀತಿಯೆ? ಪತ್ನಿಯಾದರೆ ಸಹಿಸಬೇಕು, ಪತಿಯಾದರೆ ಬಿಡಬಹುದು ಎಂಬ ಎರಡು ಅಳತೆ ಧರ್ಮವಲ್ಲ. 1955ರ ಹಿಂದೂ ವಿವಾಹ ಕಾಯ್ದೆಯು ಮನೋವ್ಯಾಧಿಯ ಕಾರಣದಿಂದ ವಿಚ್ಛೇದನಕ್ಕೆ ಎಡೆ ಕೊಟ್ಟಿದೆ. ಆದರೆ ರೋಗದ ಹೆಸರೊಂದೇ ಸಾಲದು, ಅದರ ತೀವ್ರತೆಯನ್ನು ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯ 1988ರಲ್ಲಿ ತೀರ್ಪಿತ್ತಿದೆ. ಈ ಅಳತೆ ನ್ಯಾಯವಾದದ್ದು. ಪ್ರಾಣಭಯವಿರುವೆಡೆ ಮಕ್ಕಳೊಡನೆ ದೂರವಿದ್ದು ಚಿಕಿತ್ಸೆಯ ಏರ್ಪಾಟು ಮಾಡಿದರೆ ಅದು ಕೈಬಿಟ್ಟಂತಲ್ಲ. ಶುಶ್ರೂಷೆ ಮಾಡುವವರಿಗೂ ಬಿಡುವು ಬೇಕು. ರೈಲ್ವೆಯಲ್ಲಿ ಎಷ್ಟೇ ನಿಪುಣ ಚಾಲಕನಿಗೂ ವಿಶ್ರಾಂತಿಯ ಗಂಟೆಗಳು ಗೊತ್ತುಮಾಡಿವೆ. ನೆರೆಯ ಆಸ್ತಿಕ ಬಂಧುಗಳು ಒಂದು ಮಧ್ಯಾಹ್ನ ರೋಗಿಯ ಜೊತೆಗಿದ್ದರೆ ಅದೂ ಹರಿಸೇವೆಯೇ.

ಪತ್ನಿಗಾಗಿ ಪತಿ, ಪತಿಗಾಗಿ ಪತ್ನಿ ಪ್ರತಿನಿಧಿಯಾಗಿ ವ್ರತವನ್ನು ಆಚರಿಸಲು ಧರ್ಮಶಾಸ್ತ್ರದ ಅನುಮತಿಯಿದೆ. ಅವಳ ಉಪವಾಸವನ್ನು ಅವನು ಮಾಡಲಿ. ಮಾತ್ರೆಯನ್ನಾದರೋ ಅವಳೇ ನುಂಗಬೇಕು. ಆ ಹೊತ್ತಿಗೆ ನೀರಿನ ಲೋಟ ಹಿಡಿದು ಪಕ್ಕದಲ್ಲಿ ನಿಲ್ಲುವುದು ಅವನ ಪಾಲಿನ ಸಹಧರ್ಮ.