ಅಜ್ಜಿ ಹೇಳದ ಹೆಸರು

ಹೋದ ವಾರ ಯೌವನಸ್ಥರ ಕೂಟ ಮುಗಿದ ಮೇಲೆ ಒಬ್ಬ ತಮ್ಮ ಕೇಳಿದ: "ಪಾಸ್ಟರ್, ನಮ್ಮ ವಂಶವೃಕ್ಷ ಬರೀತಿದ್ದೀನಿ. ಅಜ್ಜಿ ಬಾಯೇ ಬಿಡಲ್ಲ. ಬಲವಂತ ಮಾಡಿ ಕೇಳಿದ್ರೆ ತಪ್ಪಾ?"

ನಾನೂ ಊರಿಗೆ ಹೋಗಿ ನಮ್ಮಜ್ಜಿ ಮುಂದೆ ಮೊಬೈಲ್ ಇಟ್ಟು ರೆಕಾರ್ಡ್ ಒತ್ತಿದವನೇ. ಹುಟ್ಟಿದ ದಿನ ಕೇಳಿದೆ. ಆಧಾರ್‌ನಲ್ಲಿ ಜೂನ್ 1 ಅಂತಿದೆ, ಅದು ಯಾರೋ ಅಂದಾಜಿಗೆ ಬರೆಸಿದ್ದು. ತಾತನ ಹೆಸರು ಕೇಳಿದೆ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ನಕ್ಕರು. ಅವರ ಅಜ್ಜಿಯ ಬಗ್ಗೆ ಕೇಳಿದಾಗ ಮಾತ್ರ ನಗಲಿಲ್ಲ. "ಅದೆಲ್ಲ ಯಾಕಪ್ಪ ಈಗ?" ಅಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು.

ಮೂರು ದಿನ ಆದ ಮೇಲೆ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ವಿ. ಅವರಾಗಿಯೇ ಹೇಳಿದರು: "ನಮ್ಮಜ್ಜಿ ಧಾತು ಈಶ್ವರದ ಬರದಲ್ಲಿ ದಾರೀಲಿ ಸಿಕ್ಕ ಮಗು ಕಣಪ್ಪ. ಹೆತ್ತೋರು ಯಾರು, ಯಾವ ಜಾತಿ, ಯಾರಿಗೂ ಗೊತ್ತಿಲ್ಲ. ಅದನ್ನೇ ಹಿಡಿದು ಊರೋರು ಆಡಿಕೊಳ್ತಿದ್ರು." 1876ರಿಂದ 1878ರವರೆಗಿನ ಆ ಬರದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು. ನನ್ನ ವಂಶವೃಕ್ಷ ಅಲ್ಲಿಗೆ ನಿಂತಿತು.

ಅಜ್ಜಿ ಸುಮ್ಮನಿದ್ದದ್ದು ಸುಳ್ಳಾ? ನನಗೆ ಹಾಗನ್ನಿಸುವುದಿಲ್ಲ. ಸುಳ್ಳು ಕೇಳುವವನನ್ನು ದಾರಿ ತಪ್ಪಿಸುತ್ತದೆ. ಅಜ್ಜಿಯ ಮೌನ ಒಂದು ಮಗುವಿನ ಮಾನ ಕಾಯುತ್ತಿತ್ತು. ಆದರೆ ಅವಮಾನ ಯಾರದು? ಹಸಿವಿಗೆ ಮಗುವನ್ನು ಬಿಟ್ಟವರದಾ? ಎತ್ತಿಕೊಂಡವರದಾ? ಆಡಿಕೊಂಡ ಊರಿನದು. ನಾವು ಮುಚ್ಚಿಡುತ್ತಾ ಹೋದರೆ ಆ ಊರಿನ ಮಾತನ್ನೇ ಒಪ್ಪಿಕೊಂಡ ಹಾಗಾಗುತ್ತದೆ.

ಎಜ್ರ 2ನೇ ಅಧ್ಯಾಯ ಓದಿ. ವಂಶಾವಳಿಯಲ್ಲಿ ಹೆಸರು ಸಿಗದವರನ್ನು ಯಾಜಕ ಸೇವೆಯಿಂದ ಹೊರಗಿಟ್ಟರು. ಆಮೇಲೆ ಮತ್ತಾಯ 1 ಓದಿ. ಕರ್ತನ ವಂಶಾವಳಿಯಲ್ಲಿ ತಾಮಾರಳು, ರಾಹಾಬಳು, ರೂತಳು, ಊರೀಯನ ಹೆಂಡತಿ ಇದ್ದಾರೆ. ಬೇರೆ ಮನೆತನದವರಾಗಿದ್ದರೆ ಈ ಹೆಸರುಗಳನ್ನು ಬಿಟ್ಟೇಬಿಡುತ್ತಿದ್ದರು. ದೇವರು ಬರೆಸಿದನು.

ಹಾಗಂತ ಬಲವಂತ ಮಾಡಬೇಡ, ತಮ್ಮಾ. ಹಿರಿಯರನ್ನು ಸನ್ಮಾನಿಸುವುದು ಅಂದ್ರೆ ಪೊಲೀಸ್ ವಿಚಾರಣೆ ಅಲ್ಲ. ಅವರ ಜೊತೆ ಕೂತು ಕೆಲಸ ಮಾಡು. ದೊಡ್ಡಮ್ಮ ಒಂದು, ಸೋದರತ್ತೆ ಇನ್ನೊಂದು ಹೇಳಿದರೆ ಎರಡನ್ನೂ ಬರೆದುಕೋ. ಹೆಣ್ಣುಮಕ್ಕಳ ಹೆಸರು, ತವರೂರು ಕೇಳು. ಮೊದಲು ಮರೆತುಹೋಗುವುದು ಅವೇ. ಕೇಳಿದ್ದನ್ನು ಫ್ಯಾಮಿಲಿ ಗ್ರೂಪ್‌ಗೆ ಹಾಕುವ ಮುಂಚೆ ಒಪ್ಪಿಗೆ ತಗೋ.

ಇದನ್ನು ಸಭೆಯಲ್ಲಿ ಹೇಳಲಾ ಅಂತ ನಾನೂ ಅಜ್ಜಿಯನ್ನು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ಹೇಳು. ಎತ್ಕೊಂಡೋರನ್ನೂ ಸೇರಿಸಿ ಹೇಳು" ಅಂದರು. ಹೆತ್ತವರ ಜಾಗ ಖಾಲಿ ಬಿಟ್ಟು, ಎತ್ತಿಕೊಂಡವರ ಹೆಸರನ್ನು ಪಕ್ಕದಲ್ಲೇ ಬರೆದಿದ್ದೇನೆ. ಆ ಖಾಲಿ ಜಾಗದ ಹೆಸರು ದೇವರಿಗೆ ಗೊತ್ತು. ಆಮೆನ್.